ಘರ್ಷಣೆಯಲ್ಲಿ ಕಳೆಯುವುದೇನು?

ಇತಿಹಾಸದ ಅಧ್ಯಾಪಕನಾಗಿದ್ದ ನನಗೆ ಪರಮಾಣು ವಿಜ್ಞಾನದ ಓದು ನಿವೃತ್ತಿಯ ಅನಂತರದ ಒಲವು. ಅದರಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ನ್ಯೂಟ್ರಾನಿನ ಪಯಣ.

1934ರ ಅಕ್ಟೋಬರಿನಲ್ಲಿ ರೋಮ್ ನಗರದಲ್ಲಿ ಎನ್ರಿಕೊ ಫರ್ಮಿಯವರು ನ್ಯೂಟ್ರಾನುಗಳ ಹಾದಿಗೆ ಪ್ಯಾರಾಫಿನ್ ಮೇಣವನ್ನು ಅಡ್ಡವಿರಿಸಿದರು. ಗುರಿಯಾಗಿದ್ದ ಬೆಳ್ಳಿಯ ವಿಕಿರಣಶೀಲತೆಯು ಕುಗ್ಗುವ ಬದಲು ಅನೇಕ ಪಟ್ಟು ಹೆಚ್ಚಿತು. ಮೇಣದಲ್ಲಿದ್ದ ಹೈಡ್ರೋಜನ್ ಬೀಜಗಳಿಗೆ ಬಡಿಬಡಿದು ನ್ಯೂಟ್ರಾನುಗಳು ಮಂದವಾಗಿದ್ದವು. ಮಂದವಾದುದರಿಂದಲೇ ಬೆಳ್ಳಿಯ ಪರಮಾಣು ಬೀಜಗಳೊಳಗೆ ಸುಲಭವಾಗಿ ಸೇರಿಕೊಂಡವು.

ಗೋಲಿಯು ಗೋಡೆಗೆ ಬಡಿದರೆ ಬಹುಪಾಲು ವೇಗದೊಡನೆ ಮರಳುತ್ತದೆ. ಸಮತೂಕದ ಗೋಲಿಗೆ ನೇರವಾಗಿ ಬಡಿದರೆ ತನ್ನ ಚಲನೆಯನ್ನು ಅದಕ್ಕೊಪ್ಪಿಸಿ ನಿಲ್ಲುತ್ತದೆ. ಹೈಡ್ರೋಜನ್ ಬೀಜವು ನ್ಯೂಟ್ರಾನಿಗೆ ಸಮತೂಕದ್ದು. ಆದ್ದರಿಂದ ವಿದಳನದಲ್ಲಿ ಸಿಡಿದ ನ್ಯೂಟ್ರಾನು ಮಂದಗತಿಗಿಳಿಯಲು ಅಲ್ಲಿ ಸರಾಸರಿ 18 ಡಿಕ್ಕಿಗಳು ಸಾಕು. ಇಂಗಾಲದಲ್ಲಾದರೆ ಸುಮಾರು 115 ಬೇಕು.

ಆದರೂ ಉತ್ತರ ಕನ್ನಡದ ಕೈಗಾ ಸ್ಥಾವರದಲ್ಲಿ ಈ ಕಾರ್ಯಕ್ಕೆ ಬಳಸುವುದು ಭಾರಜಲವನ್ನು. ಸಾಮಾನ್ಯ ನೀರು ನ್ಯೂಟ್ರಾನುಗಳನ್ನು ಬೇಗನೆ ಮಂದಗೊಳಿಸುತ್ತದೆ, ಆದರೆ ಕೆಲವನ್ನು ನುಂಗಿಯೂ ಬಿಡುತ್ತದೆ. ಭಾರಜಲದಲ್ಲಿ ಡಿಕ್ಕಿಗಳು ಹೆಚ್ಚು ಬೇಕು, ನುಂಗುವಿಕೆ ಅತ್ಯಲ್ಪ. ಸಹಜ ಯುರೇನಿಯಮ್ಮಿನ ಸ್ಥಾವರ ನಡೆಯುವುದು ಆ ಉಳಿತಾಯದಿಂದಲೇ.

ಕಾಸರಗೋಡಿನ ನಾವೂ ದಿನನಿತ್ಯ ನೆರೆನುಡಿಯೊಡನೆ ತಾಕುತ್ತಲೇ ಬಾಳಿದವರು. ಆ ತಾಕಾಟದಲ್ಲಿ ನಮ್ಮ ಬಿರುಸು ತಗ್ಗಿದ್ದರೆ ಅದು ನಷ್ಟವಲ್ಲ. ನೆರೆಮನೆಯೊಳಗೆ ಪ್ರವೇಶ ದೊರೆತದ್ದು ಅದರಿಂದಲೇ. ಆದರೆ ನಮ್ಮ ಮನೆಯ ಮಗು ಕನ್ನಡ ಅಕ್ಷರವನ್ನೇ ಅರಿಯದೆ ಬೆಳೆದರೆ ಅದು ನಿಜವಾದ ನಷ್ಟ. ತಗ್ಗುವುದು ಬೇರೆ, ನುಂಗಿಹೋಗುವುದು ಬೇರೆ. ಈ ಭೇದವನ್ನರಿತು ಮಕ್ಕಳಿಗೆ ಎರಡು ನುಡಿಗಳನ್ನೂ ಕಲಿಸೋಣ. ಕನ್ನಡವನ್ನು ಮೊದಲು ಕಲಿಸೋಣ.