ಗಂಜ್-ಇ-ಸವಾಯಿ ಹಡಗಿನ ತಾಯಿಗೆ

ತಾಯೀ,

ನಿಮ್ಮ ಹೆಸರು ನನಗೆ ತಿಳಿಯದು. 1695ರ ಸೆಪ್ಟೆಂಬರಿನಲ್ಲಿ ಹಜ್ ಮುಗಿಸಿ ಸೂರತ್‌ಗೆ ಮರಳುತ್ತಿದ್ದ ಔರಂಗಜೇಬನ ಹಡಗಿನಲ್ಲಿ ನೀವಿದ್ದಿರಿ ಎಂಬಷ್ಟೇ ಗುರುತು ಹಿಡಿದು ಬರೆಯುತ್ತಿದ್ದೇನೆ.

ಬರೆಯಲು ಕಾರಣ ಒಂದು ನಾಣ್ಯ. 2014ರಲ್ಲಿ ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಮಿಡಲ್‌ಟೌನ್‌ನ ಹಣ್ಣಿನ ತೋಟದಲ್ಲಿ ಹವ್ಯಾಸಿ ಇತಿಹಾಸಕಾರರೊಬ್ಬರ ಮೆಟಲ್ ಡಿಟೆಕ್ಟರ್ ಸದ್ದು ಮಾಡಿತು. ಅಗೆದರೆ ಪುಟ್ಟದೊಂದು ಬೆಳ್ಳಿ ನಾಣ್ಯ. ಸ್ಪೇನಿನದೋ, ಮ್ಯಾಸಚೂಸೆಟ್ಸ್ ವಸಾಹತಿನದೋ ಇರಬೇಕೆಂದು ಮೊದಲು ಅವರಿಗೆ ತೋಚಿತು. ಆದರೆ ಅದರ ಮೇಲಿದ್ದದ್ದು ಅರಬ್ಬಿ ಬರಹ. ಹುಡುಕಿ ನೋಡಿದಾಗ, 1693ರಲ್ಲಿ ಯೆಮನ್‌ನಲ್ಲಿ ಟಂಕಿಸಿದ ನಾಣ್ಯವೆಂದು ಗೊತ್ತಾಯಿತು. ಮ್ಯಾಸಚೂಸೆಟ್ಸ್, ಕನೆಕ್ಟಿಕಟ್‌ಗಳ ಮಣ್ಣಿನಲ್ಲೂ ಇಂಥವು ಸಿಕ್ಕಿವೆ. ಇವು ಕಡಲು ದಾಟಿದ ಬಗೆಯನ್ನು ಹುಡುಕುತ್ತಾ ಅವರು ನಿಮ್ಮ ಹಡಗಿಗೆ ಬಂದು ಮುಟ್ಟಿದರು. ಆ ಹಡಗನ್ನು ದೋಚಿದವರ ಕೈಯಿಂದಲೇ ನಾಣ್ಯ ಅಮೆರಿಕಕ್ಕೆ ಹೋಯಿತೆಂಬುದು ಅವರ ತರ್ಕ. ಅದಕ್ಕೆ ಕಣ್ಣಾರೆ ಕಂಡ ಸಾಕ್ಷಿಯಿಲ್ಲ. ಆದರೂ ಆ ತರ್ಕಕ್ಕೆ ತೂಕವಿದೆ.

ಇಂಗ್ಲಿಷ್ ಕಡಲ್ಗಳ್ಳ ಹೆನ್ರಿ ಎವ್ರಿ ‘ಫ್ಯಾನ್ಸಿ’ ಎಂಬ ಹಡಗಿನಲ್ಲಿ ಬಂದು ನಿಮ್ಮ ಮೇಲೆರಗಿದ. ಮಾನ ಉಳಿಸಿಕೊಳ್ಳಲು ಎಷ್ಟೋ ಹೆಂಗಸರು ಕಡಲಿಗೆ ಹಾರಿದರೆಂದು ಆ ಕಾಲದ ಇತಿಹಾಸಕಾರ ಖಾಫಿ ಖಾನ್ ಬರೆದಿದ್ದಾನೆ. ನೀವು ಅವರಲ್ಲೊಬ್ಬರೋ, ಬದುಕಿ ಸೂರತ್ ಸೇರಿದವರೋ?

ಸುದ್ದಿ ಮುಟ್ಟಿದಾಗ, ದೋಚಿದವರು ಇಂಗ್ಲಿಷರೆಂಬ ಕಾರಣಕ್ಕೆ ಸೂರತ್‌ನ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯವರಿಗೆ ಬೇಡಿ ಬಿತ್ತು. ಎವ್ರಿಯ ತಲೆಗೆ ಇಂಗ್ಲೆಂಡ್ ಬಹುಮಾನ ಕಟ್ಟಿತು. ಅವನ ಕಡೆಯ ಆರು ಮಂದಿ 1696ರಲ್ಲಿ ಲಂಡನ್ನಿನ ನ್ಯಾಯಾಲಯದಲ್ಲಿ ನಿಂತರು. ನಿಮ್ಮ ಹಡಗನ್ನು ದೋಚಿದ ಆರೋಪದಲ್ಲಿ ಜ್ಯೂರಿ ಅವರನ್ನು ನಿರ್ದೋಷಿಗಳೆಂದಿತು. ಮತ್ತೆ ವಿಚಾರಣೆ ನಡೆಸಿ ಶಿಕ್ಷೆ ವಿಧಿಸಿದ್ದು ‘ಎರಡನೇ ಚಾರ್ಲ್ಸ್’ ಎಂಬ ಇಂಗ್ಲಿಷ್ ಹಡಗನ್ನು ಕದ್ದದ್ದಕ್ಕೆ. ‘ಫ್ಯಾನ್ಸಿ’ಯ ಮೊದಲ ಹೆಸರೇ ಅದು. ಐವರು ನೇಣಿಗೇರಿದರು. ನಿಮಗೆ ಮಾಡಿದ ಅನ್ಯಾಯಕ್ಕಾಗಿ ಅವರಲ್ಲಿ ಒಬ್ಬನೂ ಅಲ್ಲ. ಎವ್ರಿ ಕಣ್ಮರೆಯಾದ, ಅವನು ಏನಾದನೆಂದು ಜನ ಇಂದಿಗೂ ಹುಡುಕುತ್ತಾರೆ, ಪುಸ್ತಕ ಬರೆಯುತ್ತಾರೆ.

ನಿಮ್ಮನ್ನು ಹುಡುಕುವವರು ಎಲ್ಲಿದ್ದಾರೆ? ನಾಣ್ಯ ಸಿಕ್ಕ ಸುದ್ದಿ ಲೋಕವೆಲ್ಲ ಹರಡಿದಾಗಲೂ ಅದು ಕಡಲ್ಗಳ್ಳನ ನಿಧಿಯ ಕತೆಯಾಯಿತು. ಅದು ಅವನ ನಿಧಿಯಲ್ಲ. ದಾರಿಖರ್ಚಿಗೋ, ಮನೆಯವರಿಗೆ ಏನಾದರೂ ಕೊಂಡೊಯ್ಯಲೋ ನಿಮ್ಮಂಥವರು ಸೆರಗಿನ ಗಂಟಿನಲ್ಲಿ ಇಟ್ಟುಕೊಂಡ ಹಣವೂ ಆಗಿರಬಹುದು.

ಒಂದು ನಾಣ್ಯ ಎಲ್ಲಿ, ಯಾವಾಗ ಟಂಕವಾಯಿತೆಂದು ಹೇಳಿದರೆ ಅರ್ಧ ಗುರುತು ಸಿಕ್ಕಂತೆ. ಯಾರಿಂದ ಕಸಿದದ್ದೆಂದು ಹೇಳಿದಾಗಲೇ ಅದು ಪೂರ್ತಿ. ಈ ನಾಣ್ಯಗಳನ್ನು ಪ್ರದರ್ಶನಕ್ಕಿಡುವವರೂ ಅವುಗಳ ಬಗ್ಗೆ ಬರೆಯುವವರೂ ಎವ್ರಿಯ ಹೆಸರಿಗಿಂತ ಮೊದಲು ಗಂಜ್-ಇ-ಸವಾಯಿಯ ಯಾತ್ರಿಕರನ್ನು ನೆನೆಯಲಿ.

ಇಂತಿ,
ಕನ್ನಡದ ಒಬ್ಬ ಓದುಗ