ಪುಣೆಯ ಒಂದು ಬೀದಿ, ಎರಡು ಭಾಂಡಾರಗಳು

ಪುಣೆ ನಗರಕ್ಕೆ ಹೋಗುವ ನಮ್ಮ ಕಡೆಯವರು ಸಾಮಾನ್ಯವಾಗಿ ಶನಿವಾರವಾಡೆಯನ್ನೂ ಪರ್ವತಿಯ ದೇವಾಲಯವನ್ನೂ ನೋಡಿಕೊಂಡು ಹಿಂದಿರುಗುವರು. ಆದರೆ ಲಾ ಕಾಲೇಜು ರಸ್ತೆಯೆಂಬ ಒಂದೇ ಬೀದಿಯಲ್ಲಿ ವಿದ್ಯಾಭಿಮಾನಿಗಳು ಅವಶ್ಯವಾಗಿ ನೋಡತಕ್ಕ ಎರಡು ಭಾಂಡಾರಗಳಿವೆ. 1917ರಲ್ಲಿ ಸ್ಥಾಪಿತವಾದ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವು ಒಂದು. 1964ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವು ಇನ್ನೊಂದು. ಅಲ್ಲಿ ಶ್ರವ್ಯ, ಇಲ್ಲಿ ದೃಶ್ಯ.

ಸಂಸ್ಕೃತವನ್ನು ಬೋಧಿಸಿ ಕಾಲ ಕಳೆದ ನಾವು ಮೊದಲು ಭಾಂಡಾರಕರ ಮಂದಿರಕ್ಕೆ ಹೋದುದು ಸಹಜವೇ. ದೇಶದ ನಾನಾ ಭಾಗಗಳ ಹಸ್ತಪ್ರತಿಗಳನ್ನು ತಾಳೆನೋಡಿ ಮಹಾಭಾರತದ ಶುದ್ಧಪಾಠವನ್ನು ನಿರ್ಣಯಿಸಿದ ಸ್ಥಳವದು. 1933ರಲ್ಲಿ ಆದಿಪರ್ವವು ಮುಗಿದು, 1966ರಲ್ಲಿ ಸಮಗ್ರ ಗ್ರಂಥವು ಪೂರ್ಣವಾಯಿತು. ಶತಮಾನಗಳ ಕಾಲ ಲಿಪಿಕಾರರು ಪ್ರತಿಯಿಂದ ಪ್ರತಿಯನ್ನು ಬರೆದಿಟ್ಟುದರಿಂದಲೇ ಈ ಕಾರ್ಯವು ಸಾಧ್ಯವಾಯಿತೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಅದೇ 1933ರಲ್ಲಿ ಪ್ರಭಾತ್ ಫಿಲ್ಮ್ ಕಂಪನಿಯು ಕೊಲ್ಹಾಪುರವನ್ನು ಬಿಟ್ಟು ಈ ಪ್ರದೇಶಕ್ಕೆ ಬಂದಿತು. ಶಾಂತಾರಾಮ, ದಾಮ್ಲೆ, ಫತ್ತೇಲಾಲ್ ಮೊದಲಾದ ಐವರು 1929ರಲ್ಲಿ ಕಟ್ಟಿದ ಸಂಸ್ಥೆಯದು. ದಾಮ್ಲೆ ಫತ್ತೇಲಾಲರು ನಿರ್ದೇಶಿಸಿದ ‘ಸಂತ ತುಕಾರಾಮ್’ (1936) ಇಲ್ಲಿಯೇ ತಯಾರಾಗಿ, ಮರುವರ್ಷ ವೆನಿಸ್ ನಗರದ ಉತ್ಸವದಲ್ಲಿ ಮನ್ನಣೆ ಪಡೆಯಿತು. ಕಂಪನಿಯು ಮುಚ್ಚಿದ ಬಳಿಕ, 1960ರಲ್ಲಿ, ಆ ಆವರಣದಲ್ಲಿಯೇ ಸರ್ಕಾರವು ಚಲನಚಿತ್ರ ವಿದ್ಯಾಲಯವನ್ನು ತೆರೆಯಿತು. ನಮ್ಮ ಗಿರೀಶ ಕಾರ್ನಾಡರು 1974ರಲ್ಲಿ ಅದರ ನಿರ್ದೇಶಕರಾದರು. ಗಿರೀಶ ಕಾಸರವಳ್ಳಿಯವರು ಅಲ್ಲಿಯ ವಿದ್ಯಾರ್ಥಿಗಳು. ಹಳೆಯ ಪ್ರಭಾತದ ವಿಶಾಲವಾದ ಚಿತ್ರೀಕರಣಶಾಲೆಯು ಈಗಲೂ ನಿಂತಿದೆ. ಗುರುಶಿಷ್ಯರು ಕುಳಿತು ಚರ್ಚಿಸುತ್ತ ಬಂದ ಮಾವಿನ ಮರವೊಂದಿದೆ. ಅದಕ್ಕೆ ‘ಜ್ಞಾನವೃಕ್ಷ’ವೆಂಬರ್ಥದ ಹೆಸರನ್ನೇ ಇಟ್ಟಿದ್ದಾರೆ.

ಚಿತ್ರಸಂಗ್ರಹಾಲಯದ ಪ್ರಯೋಜನವನ್ನು ಅರಿಯಲು ಚಿತ್ರದ ಸುರುಳಿಯ ಸ್ವರೂಪವನ್ನು ಸ್ವಲ್ಪ ತಿಳಿಯಬೇಕು. ಮೂವತ್ತೈದು ಮಿಲಿಮೀಟರು ಅಗಲದ ಪಟ್ಟಿಯ ಒಂದು ಅಡಿಯಲ್ಲಿ 16 ಚಿತ್ರಗಳು; ವಾಕ್ಚಿತ್ರದಲ್ಲಿ ಕ್ಷಣಕ್ಕೆ 24 ಚಿತ್ರಗಳು ಓಡುವುವು. ಆದುದರಿಂದ 1000 ಅಡಿಯ ಸುರುಳಿಯು ಸುಮಾರು 11 ನಿಮಿಷಗಳಲ್ಲಿ ಮುಗಿಯುವುದು. ಮೊದಲಿನ ಪಟ್ಟಿಗಳನ್ನು ಹತ್ತಿಯ ನಾರನ್ನು ನೈಟ್ರಿಕ್ ಆಮ್ಲದಿಂದ ಸಂಸ್ಕರಿಸಿ ಮಾಡುತ್ತಿದ್ದರು. ಇವಕ್ಕೆ ಕಿಡಿ ತಗುಲಿದರೆ ನೀರೆರೆದರೂ ಆರದು. ಉರಿಯಲು ಬೇಕಾದ ಆಮ್ಲಜನಕವು ಅದರೊಳಗೇ ಇರುವುದು. ಕಿಡಿ ತಗುಲದಿದ್ದರೂ, ಸೆಖೆಯ ನಾಡಿನಲ್ಲಿ ಕೆಲವೇ ದಶಕಗಳೊಳಗೆ ಅಂಟಂಟಾಗಿ, ಕಡೆಗೆ ಕಂದುಪುಡಿಯಾಗುವುದು. ಮುಂದೆ ಬಂದ ಸುರಕ್ಷಿತ ಪಟ್ಟಿಗಳು ಹಾಗೆ ಹೊತ್ತಿಕೊಳ್ಳವಾದರೂ, ತಂಪೂ ಒಣಹವೆಯೂ ಇಲ್ಲದಿದ್ದರೆ ಹುಳಿನಾತ ಬಂದು ಮುರುಟುವುವು. ಭೂರ್ಜಪತ್ರವು ನಾನೂರು ವರ್ಷ ಬಾಳಿದರೆ, ಸಿನಿಮಾದ ಪಟ್ಟಿಯು ಮನುಷ್ಯನ ಆಯುಷ್ಯವನ್ನೂ ಪೂರೈಸದು! ಸಾಲದುದಕ್ಕೆ, ಪಟ್ಟಿಯಲ್ಲಿರುವ ಬೆಳ್ಳಿಯ ಆಸೆಗೆ ಹಳೆಯ ಸುರುಳಿಗಳನ್ನು ಮಾರಿದವರೂ ಉಂಟು.

ಈ ನಾಶಕ್ಕೆ ಎದುರಾಗಿ ನಿಂತವರು ಪಿ. ಕೆ. ನಾಯರ್. 1965ರಲ್ಲಿ ಸಂಗ್ರಹಾಲಯವನ್ನು ಸೇರಿ 1991ರಲ್ಲಿ ನಿವೃತ್ತರಾಗುವವರೆಗೆ ಅವರು ಊರೂರು ಸುತ್ತಿ ಸುರುಳಿಗಳನ್ನು ಕೂಡಿಸಿದರು. ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ (1913) ಚಿತ್ರದ್ದೆಂದು ಇಲ್ಲಿರುವುದು ಮೊದಲ ಮತ್ತು ಕೊನೆಯ ಸುರುಳಿಗಳು ಮಾತ್ರ. ಅವು ಕೂಡ 1917ರ ಮರುತಯಾರಿಕೆಯವೆಂದು ಕೆಲವು ಪಂಡಿತರ ಮತ. ನಮ್ಮ ದೇಶದಲ್ಲಿ ತಯಾರಾದ ಮೂಕಚಿತ್ರಗಳು ಸಾವಿರಕ್ಕೂ ಮೇಲೆ, ಉಳಿದವು ಅತ್ಯಲ್ಪ. ಪ್ರಥಮ ವಾಕ್ಚಿತ್ರವಾದ ‘ಆಲಂ ಆರಾ’ (1931) ಸಹ ಇಲ್ಲವಾಯಿತು. ಇಷ್ಟರ ಮೇಲೆ 2003ರ ಜನವರಿ 8ರಂದು ವಿದ್ಯಾಲಯದ ಆವರಣದಲ್ಲಿದ್ದ ನೈಟ್ರೇಟ್ ಸುರುಳಿಗಳ ಉಗ್ರಾಣಕ್ಕೆ ಬೆಂಕಿ ಬಿದ್ದು ಅನೇಕ ಹಳೆಯ ಚಿತ್ರಗಳ ಮೂಲಗಳು ಭಸ್ಮವಾದವು. ಮೊದಲೇ ಪ್ರತಿ ತೆಗೆದಿಟ್ಟವುಗಳು ಉಳಿದವು. ಲಿಪಿಕಾರನ ಧರ್ಮವು ಇಲ್ಲಿಯೂ ಅದೇ.

ಕನ್ನಡಿಗರಾದ ನಮಗೆ ಇದು ಪರರ ಮನೆಯ ಸುದ್ದಿಯಲ್ಲ. ಪ್ರಭಾತವು ಬಿಟ್ಟುಬಂದ ಕೊಲ್ಹಾಪುರದಲ್ಲಿಯೇ ನಮ್ಮ ‘ಸತಿ ಸುಲೋಚನಾ’ ಚಿತ್ರವನ್ನು ತೆಗೆದರು. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಅದು ತೆರೆಗೆ ಬಂದಾಗ ಬೆಳ್ಳಿತೆರೆಯು ಮೊದಲು ಕನ್ನಡ ನುಡಿಯಿತು. ಸುಬ್ಬಯ್ಯ ನಾಯಿಡು, ತ್ರಿಪುರಾಂಬ, ನಾಗೇಂದ್ರರಾಯರು ಅಂದು ಆಡಿದ ಮಾತು ಇಂದು ಯಾರಿಗೂ ಕೇಳಿಸದು. ಅದರ ಒಂದು ಪ್ರತಿಯೂ ಉಳಿದಿಲ್ಲ. ಪಂಪನ ಕಾವ್ಯವು ಸಾವಿರ ವರ್ಷ ದಾಟಿ ನಮ್ಮ ಕೈಸೇರಿತು. ನಮ್ಮ ತಂದೆತಾಯಿಗಳ ಕಾಲದ ಚಿತ್ರವು ಸೇರಲಿಲ್ಲ. ಇದಕ್ಕೆ ವಿರುದ್ಧವಾದ ದೃಷ್ಟಾಂತವೂ ಒಂದುಂಟು. ಕಾಸರವಳ್ಳಿಯವರ ‘ಘಟಶ್ರಾದ್ಧ’ದ (1977) ಮೂಲ ನೆಗೆಟಿವ್ ಈ ಸಂಗ್ರಹಾಲಯದಲ್ಲಿ ಭದ್ರವಾಗಿತ್ತು. ಅದರಿಂದ ಚಿತ್ರವನ್ನು ಜೀರ್ಣೋದ್ಧಾರ ಮಾಡಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ಪ್ರದರ್ಶಿಸಿದರು. ಕಾದಿಟ್ಟರೆ ಫಲವುಂಟು.

ಗೃಹಸ್ಥರಾದ ವಾಚಕರಲ್ಲಿ ನಮ್ಮ ವಿನಂತಿ ಇಷ್ಟು. ನಿಮ್ಮ ಅಟ್ಟದ ಮೇಲಿನ ಪೆಟ್ಟಿಗೆಗಳಲ್ಲಿ ಹಳೆಯ ಚಿತ್ರಗಳ ಪದ್ಯಾವಳಿ, ಕರಪತ್ರ, ಭಿತ್ತಿಪತ್ರ, ಛಾಯಾಚಿತ್ರಗಳಿದ್ದರೆ ಹಬ್ಬದ ಕಸದೊಡನೆ ಹೊರಹಾಕದಿರಿ. ಸಂಗ್ರಹಾಲಯವು ಇವನ್ನೂ ಸಂಗ್ರಹಿಸುತ್ತದೆ. ಹಳೆಯ ಸುರುಳಿಯೇ ದೊರೆತರೆ ದೀಪ, ಒಲೆಗಳಿಂದ ದೂರವಿಟ್ಟು, ಬಿಚ್ಚಲು ಯತ್ನಿಸದೆ ಸಂಗ್ರಹಾಲಯಕ್ಕೆ ಕಾಗದ ಬರೆಯಿರಿ. ‘ಸತಿ ಸುಲೋಚನಾ’ದ ಒಂದು ತುಣುಕು ಯಾರ ಮನೆಯಲ್ಲಿದೆಯೋ ಬಲ್ಲವರಾರು? ಹುಡುಕುವ ಶ್ರಮವು ಅಲ್ಪ. ದೊರೆತರೆ ಲಾಭವು ಇಡೀ ನಾಡಿನದು.