ಗಟ್ಟಿ ಗಾಡಿ

ಆಗಸ್ಟ್ ತಿಂಗಳ ಮೂರನೇ ಶನಿವಾರ ವುಡ್‌ವರ್ಡ್ ಅವೆನ್ಯೂವಿನ ಪಕ್ಕ ಮಡಚುವ ಕುರ್ಚಿ ಹಾಕಿಕೊಂಡು ಕೂರುವುದು ನನಗೀಗ ನಮ್ಮೂರ ತೇರಿಗೆ ಹೋದಷ್ಟೇ ರೂಢಿಯಾಗಿದೆ. ಡೆಟ್ರಾಯಿಟ್‌ನಿಂದ ಉತ್ತರಕ್ಕೆ ಹೋಗುವ ಈ ರಸ್ತೆಯಲ್ಲಿ 1995ರಿಂದ ಹಳೆಯ ಕಾರುಗಳ ಮೆರವಣಿಗೆ ನಡೆಯುತ್ತಿದೆ. ಮಕ್ಕಳು ಐಸ್‌ಕ್ರೀಂ ಸುರಿಸಿಕೊಳ್ಳುತ್ತಾ, ಮುದುಕರು ಒಂದೊಂದು ಕಾರಿನ ಇಸವಿ ಗುರುತಿಸುತ್ತಾ ನಿಂತಿರುತ್ತಾರೆ.

ಕೆಲವು ವರ್ಷಗಳ ಹಿಂದೆ ಅಲ್ಲೊಬ್ಬ ಹಿರಿಯರು ತಮ್ಮ 1959ರ ಕ್ಯಾಡಿಲಾಕ್ ನಿಲ್ಲಿಸಿಕೊಂಡಿದ್ದರು. ಅದರ ಹಿಂಭಾಗದಲ್ಲಿ ಎರಡು ರೆಕ್ಕೆಗಳು ಆಕಾಶಕ್ಕೆ ಎದ್ದಿದ್ದವು. ಒಂದೊಂದು ರೆಕ್ಕೆಗೂ ಗುಂಡಿನಾಕಾರದ ಎರಡೆರಡು ಕೆಂಪು ದೀಪ. ನಾನು ಬಾಯಿ ಬಿಟ್ಟು ನೋಡುತ್ತಿದ್ದುದನ್ನು ಕಂಡು ಅವರು ಬಾಗಿಲು ತೆರೆದು ಒಳಗೆ ಕೂರಲು ಹೇಳಿದರು.

ಸೋಫಾದಂಥ ಸೀಟು, ಎದುರಿಗೆ ಹೊಳೆಯುವ ಲೋಹದ ಗುಂಡಿಗಳು, ಹಡಗಿನ ಚುಕ್ಕಾಣಿಯಷ್ಟು ದೊಡ್ಡ ಸ್ಟೀರಿಂಗ್. ಬೆಲ್ಟಿಗಾಗಿ ಕೈ ಅಭ್ಯಾಸಬಲದಿಂದ ಭುಜದ ಹತ್ತಿರ ಹೋಯಿತು. ಬೆಲ್ಟ್ ಇರಲಿಲ್ಲ. ಸ್ಟೀರಿಂಗಿನ ನಡುವಿನ ಲಾಂಛನ ನೇರವಾಗಿ ನನ್ನ ಎದೆಯನ್ನೇ ನೋಡುತ್ತಿತ್ತು. ಅದರ ಹಿಂದೆ ಕಾರಿನ ಮುಂಭಾಗದವರೆಗೂ ಹೋಗುವ ಬಗ್ಗದ ಉಕ್ಕಿನ ದಂಡ ಇದೆ ಎಂಬುದು ನೆನಪಾದಾಗ ನನಗೆ ಅಪ್ಪ ನೆನಪಾದರು.

ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ಗೆಳೆಯರೊಬ್ಬರ ಹಳೆಯ ಕಾರು ಓಡಿಸಿಕೊಂಡು ಬರುತ್ತಾ ಮಳೆಯಲ್ಲಿ ತಿರುವು ತಪ್ಪಿ ಮರಕ್ಕೆ ಗುದ್ದಿದ್ದರು. ವೇಗವೇನೂ ಹೆಚ್ಚಿರಲಿಲ್ಲ. ಕಾರಿನ ಬಂಪರ್ ಒಂಚೂರು ಸೊಟ್ಟಗಾಗಿತ್ತು, ಅಷ್ಟೇ. ಅಪ್ಪನ ಎದೆಗೂಡಿನ ಮೂರು ಮೂಳೆಗಳು ಸ್ಟೀರಿಂಗಿಗೆ ಬಡಿದು ಮುರಿದಿದ್ದವು. ಆಸ್ಪತ್ರೆಗೆ ನೋಡಲು ಬಂದವರಿಗೆಲ್ಲ ಅವರು ಹೇಳುತ್ತಿದ್ದುದು ಒಂದೇ ಮಾತು: “ಗಾಡಿಗೆ ಏನೂ ಆಗ್ಲಿಲ್ಲ ಮಾರಾಯ್ರೇ, ಆಗಿನ ಕಾಲದ ಗಟ್ಟಿ ಗಾಡಿ.” ಬಂದವರೂ ಹೌದೆಂದು ತಲೆಯಾಡಿಸುತ್ತಿದ್ದರು. ನಾನೂ ನಂಬಿದ್ದೆ.

ಆ ದಿನ ಕ್ಯಾಡಿಲಾಕ್‌ನಿಂದ ಇಳಿದ ಮೇಲೆ ಈ ಕಾರುಗಳ ಚೆಲುವು ಏನಾಯಿತು ಎಂದು ಓದತೊಡಗಿದೆ. ರೆಕ್ಕೆಗಳ ಹಿಂದೆ ಇದ್ದವರು ಜನರಲ್ ಮೋಟಾರ್ಸ್‌ನ ವಿನ್ಯಾಸಗಾರ ಹಾರ್ಲಿ ಅರ್ಲ್. ಎರಡನೇ ಮಹಾಯುದ್ಧದ ಪಿ-38 ಯುದ್ಧವಿಮಾನದ ಬಾಲ ಅವರ ತಲೆಯಲ್ಲಿ ಕೂತಿತ್ತು. 1948ರ ಕ್ಯಾಡಿಲಾಕ್‌ನಲ್ಲಿ ಸಣ್ಣ ಉಬ್ಬಾಗಿ ಹುಟ್ಟಿದ ರೆಕ್ಕೆ 1959ರ ಹೊತ್ತಿಗೆ ಇಷ್ಟೆತ್ತರ ಬೆಳೆಯಿತು. ಅದರಿಂದ ಕಾರು ಹಾರುತ್ತಿರಲಿಲ್ಲ, ಹಾರುವಂತೆ ಕಾಣುತ್ತಿತ್ತು.

1965ರಲ್ಲಿ ರಾಲ್ಫ್ ನೇಡರ್ ಎಂಬ ಯುವ ವಕೀಲರು ‘ಅನ್‌ಸೇಫ್ ಅಟ್ ಎನಿ ಸ್ಪೀಡ್’ ಎಂಬ ಪುಸ್ತಕ ಬರೆದರು. ಅದರಲ್ಲಿ ಬರುವ ಒಂದು ಘಟನೆಯನ್ನು ನನಗೆ ಮರೆಯಲಾಗಿಲ್ಲ. ಸೈಕಲ್ ಹೊಡೆಯುತ್ತಿದ್ದ ಒಂಬತ್ತು ವರ್ಷದ ಹುಡುಗಿಯೊಬ್ಬಳು ನಿಂತಿದ್ದ ಕ್ಯಾಡಿಲಾಕ್‌ನ ಹಿಂಭಾಗಕ್ಕೆ ಬಡಿದಳು. ರೆಕ್ಕೆ ಅವಳ ಮೈಗೆ ಹೊಕ್ಕಿತು. ಕಾರು ಓಡುತ್ತಲೂ ಇರಲಿಲ್ಲ. ಹುಡುಗಿ ಉಳಿಯಲಿಲ್ಲ.

ಜನರಲ್ ಮೋಟಾರ್ಸ್ ನೇಡರ್ ಹಿಂದೆ ಪತ್ತೇದಾರರನ್ನು ಬಿಟ್ಟಿತು. ಗುಟ್ಟು ರಟ್ಟಾಗಿ 1966ರ ಮಾರ್ಚ್‌ನಲ್ಲಿ ಕಂಪನಿಯ ಅಧ್ಯಕ್ಷರೇ ಸೆನೆಟ್ ಸಮಿತಿಯ ಮುಂದೆ ಕ್ಷಮೆ ಕೇಳಬೇಕಾಯಿತು. ಅದೇ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ವಾಹನ ಸುರಕ್ಷತೆಯ ಕಾನೂನಿಗೆ ಸಹಿ ಹಾಕಿದರು. ಅಲ್ಲಿಯವರೆಗೆ ಕಾರಿನ ಆಕಾರ ಹೆಚ್ಚುಕಡಿಮೆ ವಿನ್ಯಾಸಗಾರರ ಮರ್ಜಿಯಾಗಿತ್ತು. ಇನ್ನು ಮುಂದೆ ಅದರಲ್ಲಿ ಸರ್ಕಾರಕ್ಕೂ ಒಂದು ಮಾತಿತ್ತು.

ರೆಕ್ಕೆಗಳನ್ನು ಕತ್ತರಿಸಿದ್ದು ಕಾನೂನು ಎಂದೇ ನಾನು ಅಂದುಕೊಂಡಿದ್ದೆ. ಹಾಗಲ್ಲ. ಕಾನೂನು ಬರುವ ಹೊತ್ತಿಗೆ ಫ್ಯಾಷನ್ನೇ ಅವನ್ನು ಬಹುತೇಕ ಕೈಬಿಟ್ಟಿತ್ತು. ಕಾನೂನು ಕೈಹಾಕಿದ್ದು ಸಣ್ಣಸಣ್ಣ ಸಂಗತಿಗಳಿಗೆ. ಚಕ್ರದ ಟೊಪ್ಪಿಗಳಿಂದ ಹೊರಚಾಚುತ್ತಿದ್ದ ರೆಕ್ಕೆಯಂಥ ಅಲಂಕಾರ ಹೋಯಿತು. ಚಾಲಕನ ಕಣ್ಣು ಕುಕ್ಕುತ್ತಿದ್ದ ವೈಪರ್ ಕಡ್ಡಿ, ಹಾರ್ನ್ ಬಳೆಗಳ ಹೊಳಪು ಮಂಕಾಯಿತು. 1968ರ ಕಾರುಗಳ ಪಕ್ಕೆಯಲ್ಲಿ ಪುಟ್ಟ ದೀಪಗಳೋ ಬೆಳಕು ಮರಳಿಸುವ ಬಿಲ್ಲೆಗಳೋ ಕಾಣಿಸಿಕೊಂಡವು. 1969ರಲ್ಲಿ ಮುಂದಿನ ಸೀಟುಗಳಿಗೆ ತಲೆ ಆನಿಸುವ ದಿಂಬು ಕಡ್ಡಾಯವಾಯಿತು.

ಆಮೇಲೆ ಬಂದವು ಕಾರುಪ್ರಿಯರು ಇಂದಿಗೂ ಶಪಿಸುವ ಬಂಪರುಗಳು. 1973ರ ಮಾದರಿಗಳು ಗಂಟೆಗೆ 8 ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಮುಂದಿನಿಂದ ಗುದ್ದಿದರೂ ದೀಪ ಮುಂತಾದ ಮುಖ್ಯ ಭಾಗಗಳು ಕೆಡಬಾರದು ಎಂದಿತು ನಿಯಮ. ಮರುವರ್ಷ ಹಿಂಭಾಗಕ್ಕೂ ಅದೇ ವೇಗದ ಪರೀಕ್ಷೆ. ಅಲ್ಲಿಯತನಕ ಕಾರಿನ ಮುಖದ ಮೇಲಿನ ತೆಳು ಮೀಸೆಯಂತಿದ್ದ ಕ್ರೋಮ್ ಬಂಪರ್, ರೈಲಿನ ಹಳಿಯಷ್ಟು ದಪ್ಪವಾಗಿ ಮುಂದಕ್ಕೆ ಚಾಚಿಕೊಂಡಿತು. 1973ರ ಕಾರ್ವೆಟ್ ಅಂತೂ ಸಂಧಿಕಾಲದ ಪಳೆಯುಳಿಕೆ. ಅದರ ಮೂತಿ ಹೊಸ ನಿಯಮಕ್ಕೆ ತಕ್ಕ ಮೆತ್ತನೆಯ ಪ್ಲಾಸ್ಟಿಕ್, ಹಿಂದೆ ಹಳೆಯ ಕ್ರೋಮ್. ಮರುವರ್ಷ ಹಿಂದಿನದೂ ಪ್ಲಾಸ್ಟಿಕ್ ಆಯಿತು.

ಕೆಲವು ಬದಲಾವಣೆಗಳಿಗೆ ಕಾನೂನೇ ಬೇಕಾಗಲಿಲ್ಲ, ಅದರ ಭಯ ಸಾಕಾಯಿತು. ಕಾರು ಮಗುಚಿದರೆ ಚಾವಣಿ ತಡೆಯಬೇಕೆಂಬ ನಿಯಮ ಬರುತ್ತದೆಂದು ಹೆದರಿ, ಬೇಡಿಕೆಯೂ ಕುಗ್ಗಿದ್ದರಿಂದ, ಕಂಪನಿಗಳು ಮಡಚುವ ಚಾವಣಿಯ ಕಾರುಗಳನ್ನು ನಿಲ್ಲಿಸುತ್ತಾ ಬಂದವು. 1976ರ ಕ್ಯಾಡಿಲಾಕ್ ಎಲ್ಡೊರಾಡೊ ಅಂಥ ಕೊನೆಯ ಅಮೆರಿಕನ್ ಕಾರು ಎಂದೇ ಮಾರಾಟವಾಯಿತು. ಅವನ್ನು ನಿಷೇಧಿಸುವ ಕಾನೂನು ಬರಲೇ ಇಲ್ಲ. 1982ರಲ್ಲಿ ಕ್ರೈಸ್ಲರ್ ಮತ್ತೆ ಅಂಥ ಕಾರು ಮಾಡಿತು. 1984ರಲ್ಲಿ ಎಲ್ಡೊರಾಡೊ ಕೂಡ ವಾಪಸ್ಸು ಬಂತು.

ಇಷ್ಟು ಓದಿದಾಗ ನನಗೊಂದು ವಿಚಿತ್ರ ಕಂಡಿತು. ಎಲ್ಲರೂ ಕುರೂಪವೆಂದು ಬೈಯುವ ಆ ಬಂಪರ್ ಮುಖ್ಯವಾಗಿ ಕಾಪಾಡುತ್ತಿದ್ದುದು ಕಾರನ್ನು, ರಿಪೇರಿಯ ಖರ್ಚನ್ನು. 1982ರಲ್ಲಿ ಸರ್ಕಾರವೇ ಆ ನಿಯಮವನ್ನು ಸಡಿಲಿಸಿತು. ಮನುಷ್ಯರನ್ನು ಉಳಿಸಿದ ಬದಲಾವಣೆಗಳಲ್ಲಿ ಹೆಚ್ಚಿನವು ಹೊರಗಿನಿಂದ ಕಾಣುವುದೇ ಇಲ್ಲ. 1967ರ ಮಾದರಿಗಳಲ್ಲಿ ಬರತೊಡಗಿ ಮರುವರ್ಷ ಕಡ್ಡಾಯವಾದ, ಗುದ್ದಿದಾಗ ತಾನೇ ಕುಸಿಯುವ ಸ್ಟೀರಿಂಗ್ ದಂಡ ಅವುಗಳಲ್ಲೊಂದು. ಎದೆ ಬಡಿದರೆ ಅದು ಮಡಚಿಕೊಂಡು ಪೆಟ್ಟನ್ನು ತಾನು ನುಂಗುತ್ತದೆ. ಅದರ ಫೋಟೋ ತೆಗೆಯಲು ವುಡ್‌ವರ್ಡ್ ರಸ್ತೆಗೆ ಯಾರೂ ಬರುವುದಿಲ್ಲ.

2009ರಲ್ಲಿ ಅಮೆರಿಕದ ವಿಮಾ ಕಂಪನಿಗಳ ಸುರಕ್ಷತಾ ಸಂಸ್ಥೆಯೊಂದು 1959ರ ಷೆವ್ರೊಲೆ ಬೆಲ್ ಏರ್ ಮತ್ತು 2009ರ ಷೆವ್ರೊಲೆ ಮ್ಯಾಲಿಬು ಕಾರುಗಳನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಎದುರುಬದುರು ಗುದ್ದಿಸಿತು. ವಿಡಿಯೋ ನೋಡುವಾಗ ನನ್ನ ಮನಸ್ಸು ಹಳೆಯ ಕಾರಿನ ಪರವಾಗಿಯೇ ಇತ್ತು. ಅದು ಗಟ್ಟಿಯಲ್ಲವೇ! ಆದರೆ ಹೊಸ ಕಾರಿನ ಮೂತಿ ಅಪ್ಪಚ್ಚಿಯಾಗಿ ಒಳಗಿನ ಕೋಣೆ ಹಾಗೇ ಉಳಿಯಿತು. ಹಳೆಯ ಕಾರಿನ ಕೋಣೆಯೇ ಕುಸಿದು ಸ್ಟೀರಿಂಗ್ ಚಾಲಕನ ಬೊಂಬೆಯತ್ತ ನುಗ್ಗಿತು. ನಾನು ಅದನ್ನು ಎರಡನೇ ಸಲ ನೋಡಲಿಲ್ಲ.

ಕಳೆದ ಬಾರಿ ಊರಿಗೆ ಹೋದಾಗ ಅಪ್ಪನಿಗೆ ಆ ಕ್ಯಾಡಿಲಾಕ್‌ನ ಫೋಟೋ ತೋರಿಸಿದೆ. ಕನ್ನಡಕ ಹಾಕಿಕೊಂಡು ರೆಕ್ಕೆಗಳನ್ನು ಬಹಳ ಹೊತ್ತು ನೋಡಿದರು. ಹೊರಗೆ ಮಳೆ ಹಿಡಿದಿತ್ತು. ಥಂಡಿಗೆ ಎದೆ ನೋಯುತ್ತದೆಂದು ಅಮ್ಮ ಬಿಸಿನೀರಿನ ಚೀಲ ತಂದುಕೊಟ್ಟಿದ್ದರು. ಅದನ್ನು ಒತ್ತಿಕೊಂಡೇ ಅಪ್ಪ, “ಏನು ಗಟ್ಟಿ ಇತ್ತು ಮಾರಾಯ ಆಗಿನ ಗಾಡಿ” ಎಂದರು.

ನಾನು ಹೂಂ ಎಂದೆ. ರೆಕ್ಕೆಯ ಚಂದ ನನಗೂ ಇನ್ನೂ ಹೋಗಿಲ್ಲ. ಮುಂದಿನ ಆಗಸ್ಟಿಗೂ ಕುರ್ಚಿ ಹಿಡಿದು ಹೋಗುವವನೇ. ಹೋಗುವುದು ಮಾತ್ರ ಯಾರೂ ತಿರುಗಿ ನೋಡದ ನನ್ನ ಬೂದು ಬಣ್ಣದ ಕಾರಿನಲ್ಲಿ, ಬೆಲ್ಟ್ ಹಾಕಿಕೊಂಡು.